ಮಿಡ್-ಡೇ: ಲೇಡೀಸ್ ಡಬ್ಬಾದಲ್ಲಿ ಓದಿದ ಪೇಪರ್

ಮುಂಬಯಿಯ ಮಿಡ್-ಡೇ ಬಗ್ಗೆ ಯಾರನ್ನು ಕೇಳಿದರೂ ಎರಡರಲ್ಲಿ ಒಂದು ಮಾತು ಬರುತ್ತದೆ. "ಅಯ್ಯೋ, ಅದರಲ್ಲಿ ಏನಿದೆ, ಬರೀ ಸಿನಿಮಾ, ಕೊಲೆ" ಅನ್ನುವವರು ಕೆಲವರು. "ಅದು ಕೈಲಿಲ್ಲದಿದ್ದರೆ ರೈಲು ಹತ್ತಿದ ಹಾಗೇ ಆಗಲ್ಲ" ಅನ್ನುವವರು ಇನ್ನು ಕೆಲವರು. ನಾನು ಮದುವೆಯಾಗಿ ಮುಂಬಯಿ ಹೊರಗಿನ ಡೊಂಬಿವಲಿಗೆ ಬಂದದ್ದು 2003ರಲ್ಲಿ. ಆಗಿನಿಂದ ಇದನ್ನು ಕೊಳ್ಳುತ್ತಿದ್ದೇನೆ. ಇದು ಇಂಗ್ಲಿಷ್ ಪೇಪರ್, ಮುಂಬಯಿಯದ್ದು, ಟ್ಯಾಬ್ಲಾಯ್ಡ್ (ಸಣ್ಣ ಅಳತೆಯದ್ದು) ಅಂತ ಎಲ್ಲರಿಗೂ ಗೊತ್ತಿರುವ ವಿಷಯ ಬಿಡಿ. ಇಷ್ಟು ವರ್ಷ ನನ್ನನ್ನು ಹಿಡಿದಿಟ್ಟದ್ದು ಅದರ ಅಳತೆ. ಅಳತೆಯಿಂದಲೇ ಶುರು ಮಾಡುತ್ತೇನೆ.

ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ) ಹೋಗುವವರಿಗೆ ವಿವರಿಸಬೇಕಿಲ್ಲ. ದೊಡ್ಡ ಅಳತೆಯ ಪೇಪರನ್ನು ಅಲ್ಲಿ ಬಿಚ್ಚುವ ಹಾಗೇ ಇಲ್ಲ. ಬಿಚ್ಚಿದರೆ ಒಂದು ತುದಿ ಪಕ್ಕದವರ ಮೂಗಿಗೆ, ಇನ್ನೊಂದು ತುದಿ ಎದುರಿನವರ ಜಡೆಗೆ. ಮಿಡ್-ಡೇಯನ್ನು ಉದ್ದಕ್ಕೆ ಒಮ್ಮೆ ಮಡಚಿದರೆ ಸಾಕು, ಶಾಲೆಯ ನೋಟ್‌ಬುಕ್ಕಿನಷ್ಟಾಗುತ್ತದೆ. ಎಡಗೈಯಲ್ಲಿ ಮೇಲಿನ ಹಿಡಿ, ಬಲಗೈಯಲ್ಲಿ ಪೇಪರ್, ಹೆಬ್ಬೆರಳಲ್ಲಿ ಪುಟ ತಳ್ಳುವುದು. ಠಾಣೆ ಬರುವಷ್ಟರಲ್ಲಿ ಅರ್ಧ ಪೇಪರ್ ಮುಗಿದಿರುತ್ತದೆ. ನಿಂತುಕೊಂಡೇ ಓದಬಹುದು. ದಿನಾ ನಿಂತೇ ಹೋಗುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ?

ಇನ್ನೊಂದು ಗುಣ ಗೊತ್ತಾಗಲು ಸ್ವಲ್ಪ ಕಾಲ ಬೇಕಾಯಿತು. ಇದಕ್ಕೆ ಪಿನ್ ಹೊಡೆದಿರುವುದಿಲ್ಲ. ಹಾಳೆಗಳು ಒಂದರೊಳಗೊಂದು ಸುಮ್ನೆ ಕೂತಿರುತ್ತವೆ, ಹಾಗಾಗಿ ಬಿಡಿಸಿ ಹಂಚಬಹುದು. ಲೇಡೀಸ್ ಡಬ್ಬಾದ, ಅಂದರೆ ರೈಲಿನ ಹೆಂಗಸರ ಬೋಗಿಯ, ನಮ್ಮ ಗುಂಪಿನಲ್ಲಿ ಒಂದು ಪೇಪರ್ ಐದಾರು ಜನರ ಕೈಗೆ ಹೋಗುತ್ತದೆ. ಹೊರಗಿನ ಹಾಳೆ ತೆಗೆದುಕೊಂಡವರಿಗೆ ಮುಖಪುಟವೂ ಸಿಗುತ್ತದೆ, ಹಿಂದಿನ ಕ್ರಿಕೆಟ್ ಪುಟವೂ ಸಿಗುತ್ತದೆ. ಹಾಗಾಗಿ ಆ ಹಾಳೆಗೆ ಬೇಡಿಕೆ ಜಾಸ್ತಿ. ಸಿನಿಮಾದ ಹಿಟ್‌ಲಿಸ್ಟ್ ಪುಟಗಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರಿಗೆ. ಹೋಟೆಲು, ನಾಟಕ, ಪ್ರದರ್ಶನ ಅಂತ ಊರಲ್ಲಿ ಏನೇನಿದೆ ಎಂದು ಹೇಳುವ 'ದಿ ಗೈಡ್' ಪುಟ ನಮ್ಮ ತುಳು ಅಕ್ಕನಿಗೆ. ಅವರ ತಮ್ಮನದು ಹೋಟೆಲ್ ವ್ಯವಹಾರ. ಯಾವ ಏರಿಯಾದಲ್ಲಿ ಯಾರು ಹೊಸ ಹೋಟೆಲ್ ತೆರೆದರು, ಅಲ್ಲಿ ತಿಂಡಿಗೆ ಎಷ್ಟು ರೇಟು ಅಂತ ನೋಡಿ ಅಲ್ಲಿಂದಲೇ ತಮ್ಮನಿಗೆ ಫೋನ್. ಗುಜರಾತಿ ಬೆನ್ ಒಬ್ಬರಿದ್ದಾರೆ, ಅವರು ಗುಜರಾತಿ ಮಿಡ್-ಡೇ ತರುತ್ತಾರೆ. ಒಂದೇ ಸುದ್ದಿ ಅದರಲ್ಲಿ ಹೇಗೆ ಬಂದಿದೆ ಅಂತ ಓದಿ ಹಿಂದಿಯಲ್ಲಿ ಹೇಳುತ್ತಾರೆ. ಪದಬಂಧದ ಹಾಳೆ ಮಾತ್ರ ನಾನು ಕೊಡುವುದಿಲ್ಲ. ಅದು ಎಲ್ಲರಿಗೂ ಗೊತ್ತು.

ಓದುಗರ ಅಭಿಪ್ರಾಯ ಬೇಕೆಂದರೆ ನಮ್ಮ ಡಬ್ಬಾಕ್ಕೆ ಬನ್ನಿ ಅನ್ನುತ್ತೇನೆ. ಮಹಾನಗರ ಪಾಲಿಕೆಯ ಹೆಡ್ ಆಫೀಸಿನಲ್ಲಿ ಕೆಲಸ ಮಾಡುವ ಮರಾಠಿ ತಾಯಿ (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ) ಒಬ್ಬರು ನಮ್ಮ ಜೊತೆ ಬರುತ್ತಾರೆ. ಸಿಎಸ್‌ಎಂಟಿ ಎದುರಿಗೇ ಅವರ ಆಫೀಸು. ಮಳೆಗಾಲ ಶುರುವಾದರೆ ಮಿಡ್-ಡೇಯಲ್ಲಿ ರಸ್ತೆ ಗುಂಡಿಗಳ ಫೋಟೋ ಬರುತ್ತದೆ, ತಾಯಿಯ ಮುಖ ಬಿಗಿಯುತ್ತದೆ. ಫೋಟೋ ಮೇಲೆ ಬೆರಳಿಟ್ಟು, "ಈ ರಸ್ತೆ ನಮ್ಮದಲ್ಲ, ಎಂಎಂಆರ್‌ಡಿಎದ್ದು. ಬೈಗುಳ ಮಾತ್ರ ನಮಗೆ" ಅನ್ನುತ್ತಾರೆ. ಎಂಎಂಆರ್‌ಡಿಎ ಅಂದರೆ ಮುಂಬಯಿ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ. ಶಾಲಾ ಟೀಚರ್ ಒಬ್ಬರು ಕೂಡಲೇ, "ಗುಂಡಿಗೆ ಬಿದ್ದವನಿಗೆ ಅದು ಯಾರ ರಸ್ತೆ ಆದರೇನು?" ಅನ್ನುತ್ತಾರೆ. ಅಲ್ಲಿಂದ ಘಾಟ್ಕೋಪರ್‌ವರೆಗೆ ವಾದ. ಇಷ್ಟಾದರೂ ತಾಯಿ ಪಾಲಿಕೆಯ ಸುದ್ದಿ ಇರುವ ಪುಟವನ್ನು ಮೊದಲು ಕೇಳಿ ತೆಗೆದುಕೊಳ್ಳುತ್ತಾರೆ. ಆಫೀಸಿನಲ್ಲಿ ಆ ದಿನ ಸಾಹೇಬರು ಯಾವುದರ ಬಗ್ಗೆ ಕೂಗಾಡುತ್ತಾರೆ ಅಂತ ಅದರಿಂದಲೇ ಗೊತ್ತಾಗುತ್ತದಂತೆ. ಪೇಪರ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನಾನು ನೋಡಿಲ್ಲ.

ಮನೆಯಲ್ಲಿ ಮಾತ್ರ ಇದಕ್ಕೆ ಮರ್ಯಾದೆ ಕಮ್ಮಿ. ಮಾವ ಓದುವುದು ಮುಂಬಯಿಯ ಕನ್ನಡ ಪತ್ರಿಕೆ ಕರ್ನಾಟಕ ಮಲ್ಲ. ಮುಂಬಯಿ ಕನ್ನಡಿಗರ ಸಂಘಗಳ ಸುದ್ದಿ, ಯಕ್ಷಗಾನ, ಊರಿನ ದೇವಸ್ಥಾನದ ಬ್ರಹ್ಮಕಲಶ, ಎಲ್ಲ ಅದರಲ್ಲೇ ಬರಬೇಕು. ನಾನು ಸಂಜೆ ಬ್ಯಾಗಿನಿಂದ ಮಿಡ್-ಡೇ ತೆಗೆದಿಟ್ಟರೆ ಒಂದು ಪ್ರಶ್ನೆ ಖಾಯಂ.

"ಇದೇನಮ್ಮಾ, ಪೇಪರೋ, ಸಿನಿಮಾದ ಪಾಂಪ್ಲೆಟೋ?"

"ನೀವು ಗಲ್ಲಾದಲ್ಲಿ ಕೂತು ಓದುತ್ತಿದ್ದದ್ದು ಇದೇ ಪೇಪರ್ ಅಲ್ವಾ ಮಾವ?"

"ಆ ಮಿಡ್-ಡೇಯೇ ಬೇರೆ. ಅದು ಮಧ್ಯಾಹ್ನ ಬರುತ್ತಿತ್ತು."

ಮಾವನ ಮಾತಿನಲ್ಲಿ ಸತ್ಯವಿದೆ. ಅವರು ಮುಂಬಯಿಯ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಗಲ್ಲಾ ನೋಡಿಕೊಂಡವರು. ಮಿಡ್-ಡೇ ಶುರುವಾದದ್ದು 1979ರಲ್ಲಿ. ಖಾಲಿದ್ ಅನ್ಸಾರಿ ಶುರು ಮಾಡಿದರು. ಅವರ ಮನೆತನದ್ದು ಇನ್ಕಿಲಾಬ್ ಎಂಬ ಉರ್ದು ಪತ್ರಿಕೆ. ಆ ಕಾಲದಲ್ಲಿ ಮಿಡ್-ಡೇ ಮಧ್ಯಾಹ್ನದ ಪತ್ರಿಕೆ. ಊಟದ ಗಲಾಟೆ ಮುಗಿದು ಹೋಟೆಲು ಸ್ವಲ್ಪ ಖಾಲಿಯಾಗುವ ಹೊತ್ತಿಗೆ ಅದು ಬರುತ್ತಿತ್ತು. ಆಫೀಸಿನವರು ಕಟಿಂಗ್ ಚಹಾ (ಅರ್ಧ ಗ್ಲಾಸ್ ಚಹಾ) ಇಟ್ಟುಕೊಂಡು ಟೆಸ್ಟ್ ಮ್ಯಾಚಿನ ಸ್ಕೋರು, ಮಹಾಲಕ್ಷ್ಮಿಯ ಕುದುರೆ ರೇಸು ನೋಡುತ್ತಿದ್ದರಂತೆ. ಮೊಬೈಲ್ ಇಲ್ಲದ ಕಾಲ ನೋಡಿ. ಬೆಳಿಗ್ಗೆ ನಡೆದದ್ದು ಮಧ್ಯಾಹ್ನವೇ ಅಚ್ಚಾಗಿ ಕೈಗೆ ಬಂದರೆ ಅದಕ್ಕೆ ಬೆಲೆ ಇತ್ತು. ಬಿಝಿಬೀ ಎಂಬ ಹೆಸರಿನಲ್ಲಿ ಅಂಕಣ ಬರೆಯುತ್ತಿದ್ದ ಬೆಹ್ರಾಮ್ ಕಾಂಟ್ರಾಕ್ಟರ್ ಆಗ ಅಲ್ಲಿದ್ದರು. 1985ರಲ್ಲಿ ಅವರು ಹೊರಗೆ ಬಂದು ಆಫ್ಟರ್‌ನೂನ್ ಡಿಸ್ಪ್ಯಾಚ್ ಆಂಡ್ ಕೊರಿಯರ್ ಅಂತ ಬೇರೆ ಪೇಪರ್ ಮಾಡಿದರು. ಮಾವನೂ ಅವರ ಹಿಂದೆಯೇ ಆ ಪೇಪರಿಗೆ ಹೋದರು. ಈಗಲೂ ಆ ಅಂಕಣದ ಮಾತು ಬಂದರೆ ಮಾವನ ದನಿ ಬದಲಾಗುತ್ತದೆ.

ಮನೆಗೆ ಮಿಡ್-ಡೇ ಬರದಿರಲು ಇನ್ನೊಂದು ಕಾರಣವೂ ಇತ್ತು. ಹಿಂದೆ ಅದರಲ್ಲಿ 'ಮಿಡ್-ಡೇ ಮೇಟ್' ಅಂತ ಹುಡುಗಿಯರ ಫೋಟೋ ಹಾಕುತ್ತಿದ್ದರು. ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ, ನನಗೂ ಇರಲಿಲ್ಲ. ಊರಿನ ಸಮಸ್ಯೆ ಬಗ್ಗೆ ಇಷ್ಟು ಚೆನ್ನಾಗಿ ಬರೆಯುವ ಪೇಪರಿಗೆ ಆ ಫೋಟೋ ಯಾಕೆ ಬೇಕಿತ್ತು ಅನ್ನುವುದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಈಗ ನಾನು ಯಾಕೆ ಓದುತ್ತೇನೆ ಅಂದರೆ, ರೈಲಿನ ಸುದ್ದಿಗಾಗಿ. ದೆಹಲಿಯ ಸುದ್ದಿ ಎಲ್ಲ ಪೇಪರಲ್ಲೂ ಇರುತ್ತದೆ. ಆದರೆ ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವೆ ಎಷ್ಟು ಅಂತರ ಇದೆ, ಯಾವ ಸ್ಟೇಷನ್ನಿನ ಸೇತುವೆ ಅಲುಗಾಡುತ್ತಿದೆ, ಯಾವ ಎಸ್ಕಲೇಟರ್ ನಿಂತು ಹೋಗಿದೆ, ಇಂಥದ್ದಕ್ಕೆ ಇಡೀ ಪುಟ ಕೊಡುವ ಪೇಪರ್ ಬೇಕಲ್ಲ. 2014ರ ಜನವರಿಯಲ್ಲಿ ಘಾಟ್ಕೋಪರ್‌ನಲ್ಲಿ ಒಬ್ಬ ಕಾಲೇಜು ಹುಡುಗಿ ರೈಲು ಹತ್ತುವಾಗ ಆ ಸಂದಿಗೆ ಜಾರಿ ಎರಡೂ ಕೈ ಕಳೆದುಕೊಂಡಳು. ಆಮೇಲೆ ಪ್ಲಾಟ್‌ಫಾರ್ಮ್‌ಗಳನ್ನು ಎತ್ತರಿಸುವ ಮಾತು ಜೋರಾಯಿತು, ಕೆಲಸವೂ ಆಯಿತು. ದಿನಾ ಆ ಸಂದಿ ದಾಟಿ ಕಾಲಿಡುವ ನಮಗೆ ಅದು ಒಳಪುಟದ ಸಣ್ಣ ಸುದ್ದಿ ಅಲ್ಲವೇ ಅಲ್ಲ.

2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಅವತ್ತು ಆಯುಧ ಪೂಜೆ. ನಮ್ಮ ಡಬ್ಬಾಕ್ಕೆ ಚೆಂಡುಹೂವಿನ ತೋರಣ ಕಟ್ಟಿದ್ದೆವು, ಪ್ರಸಾದ ಹಂಚಿದ್ದೆವು. ಆಫೀಸು ಮುಟ್ಟಿದ ಮೇಲೆ ಸುದ್ದಿ ಬಂತು. ಎಲ್ಲರ ಮನೆಯಿಂದ ಫೋನು, "ಎಲ್ಲಿದ್ದೀ, ಸರಿಯಾಗಿದ್ದೀಯಾ?" ಅಂತ. ಆ ಸೇತುವೆ ಇಕ್ಕಟ್ಟು ಅಂತ ಪರೇಲ್ ಕಡೆ ಕೆಲಸಕ್ಕೆ ಹೋಗುವವರು ಎಷ್ಟೋ ಕಾಲದಿಂದ ಹೇಳುತ್ತಿದ್ದರು. ಕೊನೆಗೆ ಸೇನೆಯವರು ಬಂದು ಹೊಸ ಸೇತುವೆ ಕಟ್ಟಿದರು, 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಅದಾದ ಮೇಲೆ ನಮ್ಮ ಗುಂಪಿನಲ್ಲಿ ಯಾರೂ ಸ್ಟೇಷನ್ ಸುದ್ದಿಯನ್ನು ದಾಟಿ ಮುಂದಿನ ಪುಟಕ್ಕೆ ಹೋಗುವುದಿಲ್ಲ. 2025ರ ಜೂನ್ 9ರಂದು ಮುಂಬ್ರಾ ಹತ್ತಿರದ ತಿರುವಿನಲ್ಲಿ ತುಂಬಿದ ಲೋಕಲ್‌ಗಳ ಬಾಗಿಲಲ್ಲಿ ನಿಂತಿದ್ದವರು ಹಳಿಗೆ ಬಿದ್ದು ಸತ್ತರಲ್ಲ, ಆ ತಿರುವನ್ನು ನಾವು ದಿನಕ್ಕೆರಡು ಸಲ ದಾಟುತ್ತೇವೆ. ಅದರ ಬಗ್ಗೆ ಬಂದದ್ದನ್ನೆಲ್ಲ ಓದಿದೆ. ಬಾಗಿಲು ತಾನಾಗಿ ಮುಚ್ಚುವ ಲೋಕಲ್ ಬರುತ್ತದೆ ಅಂದಿದ್ದಾರೆ. ಅದು ಎಲ್ಲಿಗೆ ಬಂತು ಅಂತ ಕೇಳುತ್ತಲೇ ಇರುವ ಪೇಪರ್ ನನಗೆ ಬೇಕು.

ಕ್ರೈಮ್ ಸುದ್ದಿಯ ವಿಷಯ ಬೇರೆ. ಮೊದಲು ಅದು ನನಗೆ ಹಿಡಿಸುತ್ತಿರಲಿಲ್ಲ. ಬೆಳಗೆದ್ದು ಗ್ಯಾಂಗು, ಸುಪಾರಿ, ಶೂಟೌಟು ಅಂತ ಓದುವುದು ಏನು ಸುಖ? ಆ ಪುಟ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದೆ. 2011ರ ಜೂನ್ 11ರ ನಂತರ ಹಾಗೆ ಮಾಡಲು ಆಗಲಿಲ್ಲ. ಅವತ್ತು ಶನಿವಾರ. ಮಿಡ್-ಡೇಯಲ್ಲಿ ಭೂಗತ ಲೋಕದ ಬಗ್ಗೆ ಬರೆಯುತ್ತಿದ್ದ ಜ್ಯೋತಿರ್ಮಯ್ ಡೇ ಅವರನ್ನು ಪೊವಾಯಿಯಲ್ಲಿ ಹಾಡಹಗಲೇ ಗುಂಡು ಹೊಡೆದು ಕೊಂದರು. ಬೈಕಿನಲ್ಲಿ ಬಂದವರು. ಡೇ ಅವರು ಪೇಪರಿನಲ್ಲಿ ಜೆ ಡೇ ಅಂತ ಬರೆಯುತ್ತಿದ್ದರು. ಸೋಮವಾರ ಡೊಂಬಿವಲಿ ಸ್ಟೇಷನ್ನಿನ ಸ್ಟಾಲ್‌ನಲ್ಲಿ ನಮ್ಮ ಗುಂಪಿನ ಒಬ್ಬೊಬ್ಬರೂ ತಮಗೆ ತಾವೇ ಒಂದೊಂದು ಮಿಡ್-ಡೇ ಕೊಂಡರು. ಆ ದಿನ ಯಾರೂ ಹಾಳೆ ಹಂಚಿಕೊಳ್ಳಲಿಲ್ಲ. ಹಿಟ್‌ಲಿಸ್ಟ್ ಓದುವ ಹುಡುಗಿಯರು ಕೂಡ ಮುಖಪುಟವನ್ನೇ ಹಿಡಿದು ನಿಂತಿದ್ದರು.

ಆ ಕೇಸಿನಲ್ಲಿ 2018ರ ಮೇ ತಿಂಗಳಲ್ಲಿ ಭೂಗತ ಲೋಕದ ಛೋಟಾ ರಾಜನ್ ಮತ್ತು ಇನ್ನೂ ಎಂಟು ಜನರಿಗೆ ಮೋಕಾ (ಸಂಘಟಿತ ಅಪರಾಧ ತಡೆ ಕಾಯ್ದೆಯ) ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಆರೋಪಿಯಾಗಿದ್ದ ಪತ್ರಕರ್ತೆ ಜಿಗ್ನಾ ವೋರಾ ಅವರನ್ನು ಬಿಡುಗಡೆ ಮಾಡಿತು. ಕ್ರೈಮ್ ಪುಟವನ್ನು "ಮಸಾಲೆ" ಅಂತ ಯಾರಾದರೂ ಅಂದರೆ ನನಗೆ ಈಗ ಸಿಟ್ಟು ಬರುತ್ತದೆ. ಮಸಾಲೆ ಇರುವುದೂ ಹೌದು. ಆದರೆ ಅದರ ಹಿಂದೆ ಬೈಕ್ ಓಡಿಸಿಕೊಂಡು ಊರೆಲ್ಲ ಸುತ್ತಿ, ಪೊಲೀಸರ ಹತ್ತಿರ, ಖಬರಿಗಳ (ಗುಟ್ಟಾಗಿ ಮಾಹಿತಿ ಕೊಡುವವರ) ಹತ್ತಿರ ಕೂತು ಸುದ್ದಿ ತಂದ ಮನುಷ್ಯರಿದ್ದಾರೆ. ಅದರಲ್ಲಿ ಒಬ್ಬರು ಜೀವ ಕೊಟ್ಟಿದ್ದಾರೆ.

ಹಾಗಂತ ಎಲ್ಲವೂ ಚೆನ್ನಾಗಿದೆ ಅನ್ನಲಾರೆ. ಮುಖಪುಟವನ್ನೇ ಮುಚ್ಚಿ ಹಾಕುವ ಜಾಹೀರಾತಿನ ಹಾಳೆ ನನಗೆ ಕಿರಿಕಿರಿ. ಬಿಲ್ಡರ್‌ನ ಫ್ಲ್ಯಾಟಿನ ಜಾಹೀರಾತು ಮೊದಲು, ಆಮೇಲೆ ಊರಿನ ಸುದ್ದಿ. ಎಲ್ಲ ಪೇಪರೂ ಹಾಗೇ ಮಾಡುತ್ತವೆ, ಗೊತ್ತು. ಆದರೆ ಸಣ್ಣ ಅಳತೆಯ ಪೇಪರಿನಲ್ಲಿ ಒಂದು ಹಾಳೆ ಹೋದರೂ ಕಣ್ಣಿಗೆ ಹೊಡೆಯುತ್ತದೆ. ಸಿನಿಮಾ ತಾರೆಯರ ಸುದ್ದಿ ನನ್ನ ರುಚಿಗೆ ಜಾಸ್ತಿಯಾಯಿತು. ಯಾರು ಯಾವ ಏರ್‌ಪೋರ್ಟಿನಲ್ಲಿ ಯಾವ ಬಟ್ಟೆ ಹಾಕಿದರು ಎಂಬ ಜಾಗದಲ್ಲಿ ಕುರ್ಲಾ, ದಿವಾ, ಕಲ್ವಾದ ಒಂದು ಸುದ್ದಿ ಹಾಕಬಹುದಲ್ಲ? ನಮ್ಮ ಡೊಂಬಿವಲಿಯೂ ಅಷ್ಟೇ. ರೈಲು ನಿಂತರೆ, ಎಂಐಡಿಸಿ ಕಾರ್ಖಾನೆ ಪ್ರದೇಶದಲ್ಲಿ ಏನಾದರೂ ಸಿಡಿದರೆ ನಾವು ಪೇಪರಿನಲ್ಲಿ ಕಾಣುತ್ತೇವೆ. ಉಳಿದ ದಿನ ಸಿನಿಮಾದವರಿರುವ ಬಾಂದ್ರಾವೇ ಮುಂಬಯಿ. ಬೆಳಿಗ್ಗೆ ಸಿಎಸ್‌ಎಂಟಿಗೆ ಬರುವ ಲಕ್ಷಾಂತರ ಜನ ಠಾಣೆಯಿಂದಾಚೆಯವರು ಅನ್ನುವುದನ್ನು ಪೇಪರಿನವರು ಇನ್ನೂ ಗಟ್ಟಿಯಾಗಿ ನೆನಪಿಡಬೇಕು.

ಮನೆಗೆ ಹಾಕಿಸಿಕೊಳ್ಳುವ ಪ್ರಯತ್ನವೂ ಆಯಿತು. ನಮ್ಮ ಏರಿಯಾದ ಏಜೆಂಟ್ ಮಳೆ ಜಾಸ್ತಿಯಾದ ದಿನ ಯಾವುದೋ ಬೇರೆ ಪೇಪರ್ ಎಸೆದು ಹೋಗುತ್ತಿದ್ದ. ಕೇಳಿದರೆ, "ಭಾಭಿ, ಇವತ್ತು ಮಿಡ್-ಡೇ ಕಮ್ಮಿ ಬಂತು" ಅನ್ನುತ್ತಿದ್ದ. ತಿಂಗಳ ಕೊನೆಗೆ ಬಿಲ್ ಮಾತ್ರ ಪೂರ್ತಿ. ಬಿಡಿಸಿಬಿಟ್ಟೆ. ಇದು ಪೇಪರಿನ ತಪ್ಪಲ್ಲ, ಆದರೂ ಹೊಸದಾಗಿ ಹಾಕಿಸುವವರು ಗಮನಿಸಿ.

2005 ಮುಂಬಯಿಯ ಪೇಪರ್ ಓದುಗರಿಗೆ ಸುಗ್ಗಿಯ ವರ್ಷ. ಮುಂಬೈ ಮಿರರ್ ಬಂತು, ಡಿಎನ್‌ಎ ಬಂತು, ಹಿಂದೂಸ್ತಾನ್ ಟೈಮ್ಸ್ ಇಲ್ಲಿ ಆವೃತ್ತಿ ಶುರು ಮಾಡಿತು. ನಾನು ಕೆಲವು ಕಾಲ ಮಿರರ್ ಕಡೆಗೂ ವಾಲಿದ್ದೆ. ಅದೂ ಇದೇ ಅಳತೆ, ಬರವಣಿಗೆ ಚುರುಕು. ಈಗ ಏನಾಗಿದೆ ನೋಡಿ. ಡಿಎನ್‌ಎ 2019ರಲ್ಲಿ ಇಲ್ಲಿ ಅಚ್ಚಾಗುವುದು ನಿಂತಿತು. ಮಿರರ್ 2020ರ ಕೊನೆಗೆ ದಿನಪತ್ರಿಕೆಯಾಗಿ ಮುಗಿಯಿತು. ಮಾವನ ಆಫ್ಟರ್‌ನೂನ್ ಕೂಡ ಇಲ್ಲ. ಮಿಡ್-ಡೇ 2010ರಲ್ಲಿ ಹಿಂದಿ ಪತ್ರಿಕೆ ದೈನಿಕ್ ಜಾಗರಣ್‌ನವರ ಕೈಗೆ ಹೋಯಿತು, ಆದರೆ ಪೇಪರ್ ಉಳಿಯಿತು. ಇಷ್ಟೊಂದು ಪೇಪರ್ ಮುಚ್ಚಿದ ಊರಿನಲ್ಲಿ ಒಂದು ಉಳಿದುಕೊಂಡಿದೆ ಅಂದರೆ ಅದರ ಜಾಹೀರಾತಿನ ಹಾಳೆಯನ್ನೂ ನಾನು ಸ್ವಲ್ಪ ಸಹಿಸಿಕೊಳ್ಳುತ್ತೇನೆ.

ಲಾಕ್‌ಡೌನ್‌ನಲ್ಲಿ ಲೋಕಲ್ ನಿಂತಿತು. 2021ರ ಫೆಬ್ರವರಿ 1ರಂದು ಎಲ್ಲರಿಗೂ ರೈಲು ಬಿಟ್ಟಾಗಲೂ ಆಫೀಸಿನ ಹೊತ್ತಿಗೆ ಹತ್ತುವ ಹಾಗಿರಲಿಲ್ಲ. ಆ ದಿನಗಳಲ್ಲಿ ಮಿಡ್-ಡೇಯನ್ನು ಫೋನಿನಲ್ಲಿ ಓದಿದೆ. ಸುದ್ದಿ ಅದೇ, ಬರೆಯುವವರು ಅವರೇ, ಆದರೆ ನನಗೆ ಹತ್ತಲಿಲ್ಲ. ಫೋನಿನಲ್ಲಿ ನಮಗೆ ಬೇಕಾದದ್ದನ್ನು ಮಾತ್ರ ಒತ್ತುತ್ತೇವೆ. ಹಾಳೆಯಲ್ಲಿ ಕ್ರಿಕೆಟ್ ಬೇಕು ಅಂದವಳ ಕೈಗೆ ಮುಖಪುಟವೂ ಬರುತ್ತದೆ, ಅವಳು ಓದಲೇಬೇಕಾಗುತ್ತದೆ. ನಮ್ಮ ಬ್ಯಾಂಕಿನ ಹುಡುಗಿಯರಲ್ಲಿ ಒಬ್ಬಳು ಹಾಗೇ ಮುಖಪುಟದ ಹಿಂದಿನ ಪುಟ ಓದಿ ಓದಿ ಈಗ ತನ್ನ ಕಾಲೊನಿಯ ನೀರಿನ ತೊಂದರೆಗೆ ಪಾಲಿಕೆಗೆ ಅರ್ಜಿ ಬರೆದಿದ್ದಾಳೆ. ಅರ್ಜಿ ಹೇಗೆ ಬರೆಯಬೇಕು ಅಂತ ಹೇಳಿಕೊಟ್ಟವರು ಅದೇ ಪಾಲಿಕೆಯ ತಾಯಿ.

ಈಗ ಡಬ್ಬಾದಲ್ಲಿ ಪೇಪರ್ ಹಿಡಿದವರು ಕಮ್ಮಿ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ನಮ್ಮ ಗುಂಪಿನಲ್ಲಿ ಕೆಲವರು ರಿಟೈರ್ ಆದರು, ಕೆಲವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಆದರೂ ನಾನು ಹಾಳೆ ಬಿಡಿಸಿದರೆ ಕೈ ಚಾಚುವವರು ಇದ್ದೇ ಇದ್ದಾರೆ. ಹೊಸ ಹುಡುಗಿಯೊಬ್ಬಳು ಮೊನ್ನೆ ಭವಿಷ್ಯದ ಪುಟ ಕೇಳಿದಳು. ಕೊಟ್ಟೆ. ಅದರ ಹಿಂಬದಿಯಲ್ಲೇ ಪದಬಂಧ ಇತ್ತು. ದಾದರ್‌ನಲ್ಲಿ ಇಳಿಯುವಾಗ ವಾಪಸ್ ಕೊಟ್ಟಳು.

ಯಾರು ಕೊಳ್ಳಬೇಕು ಅಂದರೆ: ಮುಂಬಯಿಯಲ್ಲಿದ್ದು ದಿನಾ ರೈಲಿನಲ್ಲಿ ಓಡಾಡುವವರು ಕೊಳ್ಳಿ. ಕಟಿಂಗ್ ಚಹಾಕ್ಕಿಂತ ಕಮ್ಮಿ ದುಡ್ಡು. ನಮ್ಮ ಊರ ಕಡೆಯ ಸುದ್ದಿ, ಕರ್ನಾಟಕದ ರಾಜಕೀಯ ಬೇಕಾದವರಿಗೆ ಇದು ಸಾಲದು, ಜೊತೆಗೆ ಕನ್ನಡ ಪೇಪರ್ ಇರಲಿ. ದೇಶ ವಿದೇಶದ ವಿಷಯ ಆಳವಾಗಿ ಬೇಕೆಂದರೂ ಇದನ್ನು ನೆಚ್ಚಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕ್ರೈಮ್ ಪುಟ ತೆಗೆದಿಟ್ಟು ಉಳಿದದ್ದು ಕೊಡಿ. ಸಂಡೇ ಮಿಡ್-ಡೇಯಲ್ಲಿ ಉದ್ದದ ಲೇಖನಗಳು ಚೆನ್ನಾಗಿರುತ್ತವೆ, ಅದನ್ನು ಮನೆಯಲ್ಲಿ ನಿಧಾನವಾಗಿ ಓದಿ. ಉಳಿದ ದಿನ ಏಜೆಂಟನ ಸಹವಾಸ ಬೇಡ, ಸ್ಟೇಷನ್ನಿನ ಸ್ಟಾಲ್‌ನಲ್ಲೇ ಕೊಳ್ಳಿ. ಸ್ವಲ್ಪ ಬೇಗ ಹೋಗಿ, ತಡವಾದರೆ ಸಿಗುವುದಿಲ್ಲ. ಜಾಹೀರಾತಿನ ಹೊರಹಾಳೆಯನ್ನು ಅಲ್ಲೇ ತೆಗೆದು ಬ್ಯಾಗಿಗೆ ಹಾಕಿಕೊಳ್ಳಿ. ಫೋರ್ತ್ ಸೀಟ್ (ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರ ಜಾಗ) ಸಿಕ್ಕರೆ ಡಬ್ಬಿ ಕಟ್ಟಿದ ಚೀಲ ಇಡುವುದಕ್ಕೆ ಅದು ಬೇಕಾಗುತ್ತದೆ.